ಬಾಗಿಸುವ ಏರು

ಪೆಟ್ಟಿಗೆ ಎತ್ತುವ ಹೊತ್ತಾಗಿತ್ತು. ಆದರೆ ಅಂಗಳದಲ್ಲಿ ಯಾರೂ ಅಲುಗಲಿಲ್ಲ.

ನವಣೆ ಹುದುಗಿಸಿ ಮಾಡಿದ ಹುಳಿರಸದ ಗುಡಾಣಗಳ ಸಾಲಿನ ಮುಂದೆ, ಎರಡು ಬೆಂಚುಗಳ ಮೇಲೆ ಚಿಯಾವ್ ಗುವಾನನ ಶವಪೆಟ್ಟಿಗೆ ಇತ್ತು. ಕಡುಬೇಸಗೆ. ಮುಚ್ಚಳದ ಸಂದಿಗಳಿಗೆ ಅರಗು ಮೆತ್ತಿದ್ದರೂ ನೊಣಗಳು ದಾರಿ ಹುಡುಕುತ್ತಿದ್ದವು. ಗುಡಾಣಗಳಿಂದ ಏಳುವ ಹುಳಿಯ ಘಾಟು ಇಲ್ಲದಿದ್ದರೆ ಬೇರೆಯ ವಾಸನೆ ಇಷ್ಟು ಹೊತ್ತಿಗೆ ಎಲ್ಲರ ಮೂಗಿಗೂ ಬಡಿಯುತ್ತಿತ್ತು. ಬದುಕಿರುವಾಗ ಅನ್ನ ಕೊಟ್ಟ ಕಸುಬು ಸತ್ತ ಮೇಲೂ ಗಂಡನ ಮಾನ ಕಾಯುತ್ತಿದೆ ಎಂದು ಲುವಾನಮ್ಮ ಮನಸ್ಸಿನಲ್ಲೇ ಅಂದುಕೊಂಡಳು.

ಲುವಾನ್ ಮನೆತನದಲ್ಲಿ ಹುಟ್ಟಿ ಚಿಯಾವ್ ಮನೆಗೆ ಸೊಸೆಯಾಗಿ ಬಂದವಳಾದ್ದರಿಂದ ಊರಿಗೆಲ್ಲ ಅವಳು ಲುವಾನಮ್ಮ. ಗಂಡ ನವಣೆ ಕೊಳ್ಳಲು, ಹುಳಿರಸ ಮಾರಲು ಫೆನ್ ಹೊಳೆಯ ಎರಡೂ ದಡ ತಿರುಗುತ್ತಿದ್ದರೆ, ಬೇಯಿಸಿದ ನವಣೆಗೆ ಹುದುಗು ಬೆರೆಸಿ, ಬೇಸಗೆಯಲ್ಲಿ ಬಿಸಿಲಿಗೊಡ್ಡಿ, ಚಳಿಗಾಲದಲ್ಲಿ ಮೇಲೆ ಕಟ್ಟಿದ ಮಂಜುಗಡ್ಡೆ ತೆಗೆದು ರಸವನ್ನು ಗಟ್ಟಿ ಮಾಡುತ್ತಿದ್ದವಳು ಅವಳೇ. ಯಾವ ಗುಡಾಣ ಯಾವಾಗ ಹದಕ್ಕೆ ಬರುತ್ತದೆ ಎಂದು ದೂರದಿಂದ ಮೂಸಿ ಹೇಳುತ್ತಿದ್ದಳು. ಮನುಷ್ಯರ ವಿಷಯದಲ್ಲೂ ಹೆಚ್ಚುಕಡಿಮೆ ಹಾಗೆಯೇ. ಇವತ್ತು ಮಾತ್ರ ಮೂಗು ಕೆಲಸ ಮಾಡುತ್ತಿರಲಿಲ್ಲ.

ಪೆಟ್ಟಿಗೆಯ ಒಂದು ಬದಿಗೆ ಚಿಯಾವ್ ಮನೆತನದ ಹಿರಿಯ, ಎಲ್ಲರೂ ಏಳನೇ ಅಜ್ಜ ಎಂದು ಕರೆಯುವ ಮುದುಕ, ಕೋಲೂರಿ ನಿಂತಿದ್ದ. ಇನ್ನೊಂದು ಬದಿಗೆ ಅವಳ ಮಗ. ಬೋಳಿಸಿದ ತಲೆ, ಮಾಸಿದ ಕಪ್ಪು ಚೀವರ. ಬೆಟ್ಟದ ವಿಹಾರದಲ್ಲಿ ಅವನಿಗೆ ದಾವ್‌ಚುನ್ ಎಂದು ಹೆಸರಿಟ್ಟಿದ್ದರು. ಅವಳ ಬಾಯಿಗೆ ಅದು ಕೂರಲೇ ಇಲ್ಲ. ಅವಳಿಗೆ ಅವನು ಇಂದಿಗೂ ಶಿತೌ, ಅಂದರೆ ಕಲ್ಲು. ಹುಟ್ಟಿದ ಮಕ್ಕಳೆಲ್ಲ ಜ್ವರಕ್ಕೆ ಹೋಗುತ್ತಿದ್ದಾಗ, ಇವನಾದರೂ ಕಲ್ಲಿನ ಹಾಗೆ ಉಳಿಯಲಿ ಎಂದು ಇಟ್ಟ ಹೆಸರು. ಉಳಿದ. ಉಳಿದು ಭಿಕ್ಷುವಾದ.

"ನೋಡಪ್ಪ," ಏಳನೇ ಅಜ್ಜ ಹೇಳಿದ, "ಮಗ ಅಂದ್ಮೇಲೆ ಪೆಟ್ಟಿಗೆ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸ್ಬೇಕು. ಆಮೇಲೇ ಪೆಟ್ಟಿಗೆ ಏಳೋದು. ಇದು ನಾನು ಮಾಡಿದ ಪದ್ಧತಿ ಅಲ್ಲ, ನಮ್ಮಪ್ಪ ಮಾಡಿದ್ದೂ ಅಲ್ಲ."

"ಅಜ್ಜ, ನಾನು ಮೂರು ಹೊತ್ತೂ ಅಪ್ಪನಿಗೋಸ್ಕರ ಪಾರಾಯಣ ಮಾಡ್ತೀನಿ. ಬದುಕಿರೋವರೆಗೂ ಮಾಡ್ತೀನಿ."

"ಪಾರಾಯಣ ಕೇಳಿದ್ರೆ ಹೊಟ್ಟೆ ತುಂಬುತ್ತಾ? ಅವನು ಹುಳಿ ಹಾಕಿದ ಕುರಿಮಾಂಸ ತಿಂತಿದ್ದವನು. ಅಪ್ಪ ಅಮ್ಮ ಕೊಟ್ಟ ಕೂದಲನ್ನಂತೂ ನೀನು ಉಳಿಸ್ಕೊಳ್ಳಲಿಲ್ಲ. ಬೆನ್ನಾದ್ರೂ ಅವರು ಕೊಟ್ಟಿದ್ದೇ ತಾನೇ? ಒಂದು ಸಲ ಬಗ್ಗಿಸು."

ನೆರೆದವರಲ್ಲಿ ಯಾರೋ ಕಿಸಕ್ಕೆಂದರು. ಶಿತೌ ತಲೆ ತಗ್ಗಿಸಲೂ ಇಲ್ಲ, ಎತ್ತಲೂ ಇಲ್ಲ. ಅವನ ಹಿಂದೆ ಹಿರಿಯ ಭಿಕ್ಷು ತಾನ್‌ಯುನ್ ಕೈಕಟ್ಟಿ ನಿಂತಿದ್ದ. ಒಣಗಿದ ಬೋರೆಹಣ್ಣಿನಂಥ ಮುಖ. ವಿಹಾರದವರು ಯಾರನ್ನೂ ಒಂಟಿಯಾಗಿ ಹೊರಗೆ ಕಳಿಸುವುದಿಲ್ಲ. ಇವತ್ತು ಬೇಕೆಂದೇ ಇವನನ್ನು ಜೊತೆ ಮಾಡಿದ್ದರು.

ಕಾರಣ ಅವಳಿಗೆ ಗೊತ್ತಿತ್ತು. ಮನೆ ಬಿಟ್ಟು ಬುದ್ಧನ ದಾರಿ ಹಿಡಿದವನು ಸಂಸಾರಿಗಳಿಗೆ ಬಾಗುವ ಹಾಗಿಲ್ಲ, ಹೆತ್ತವರಾದರೂ ಸರಿಯೇ. ಅದು ಅವರ ಹಳೆಯ ನಿಯಮ. ಭಿಕ್ಷುಗಳು ತಂದೆತಾಯಿಗೆ ಬಾಗಲೇಬೇಕೆಂದು ಹಿಂದೊಮ್ಮೆ ರಾಜಧಾನಿಯಿಂದ ಆಜ್ಞೆ ಬಂತು. ಊರೂರಿನ ವಿಹಾರಗಳು ಗೋಳಾಡಿದ ಮೇಲೆ ಆಜ್ಞೆ ಹಿಂದಕ್ಕೆ ಹೋಯಿತು. ಮತ್ತೆ ಬರುತ್ತದೆ ಎಂಬ ಗುಮಾನಿ ಇನ್ನೂ ಇತ್ತು. ಒಬ್ಬ ಭಿಕ್ಷು ಬಾಗಿದ್ದು ಕಂಡರೂ ಸಾಕು, ಅಧಿಕಾರಿಗಳು ಅದನ್ನೇ ಹಿಡಿದುಕೊಂಡು ಎಲ್ಲರನ್ನೂ ಬಾಗಿಸುತ್ತಾರೆ. ಅದಕ್ಕೇ ವಿಹಾರದ ಮುಖ್ಯಸ್ಥರು ಒಂದೇ ಮಾತು ಹೇಳಿ ಕಳಿಸಿದ್ದರು: ಬಾಗಿದವನು ತಿರುಗಿ ಬರಬೇಕಾಗಿಲ್ಲ.

ಬಾಗದಿದ್ದರೆ? ಅದೂ ಅವಳಿಗೆ ಗೊತ್ತಿತ್ತು. ಗುವಾನನಿಗೆ ಮಗನೇ ಇಲ್ಲ ಎಂದು ಮನೆತನ ತೀರ್ಮಾನಿಸುತ್ತದೆ. ಮೈದುನನ ಮಗ ಶೌಯಿ ಮುಂದೆ ಬಂದು ಬಾಗುತ್ತಾನೆ, ಅವನೇ ವಾರಸುದಾರನಾಗುತ್ತಾನೆ. ಗುಡಾಣ, ಅಂಗಳ, ನವಣೆಯ ಹೊಲ ಎಲ್ಲ ಅವನ ಕೈಗೆ ಹೋಗುತ್ತವೆ. ಅವಳು ಅವನ ಹೆಂಡತಿಯ ಒಲೆಯ ಪಕ್ಕದ ಮುದುಕಿಯಾಗುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಅವಳ ಹೊಟ್ಟೆಯಲ್ಲಿ ಹುಟ್ಟಿ ಉಳಿದ ಒಂದೇ ಒಂದು ಜೀವ ಹುಟ್ಟಲೇ ಇಲ್ಲ ಎಂದಾಗುತ್ತದೆ. ಮಗ ಬಾಗಿದರೆ ಮಾತ್ರ, ಅವನು ಎಲ್ಲೇ ಇರಲಿ, ಮನೆಗೆ ಮಗನಿದ್ದಾನೆ ಎಂದಾಗುತ್ತದೆ. ಅವನ ಹೆಸರಿನಲ್ಲಿ ಅವಳೇ ಮನೆ ನಡೆಸಬಹುದು.

ಸಾಯುವ ಮೊದಲು ಗಂಡ ಹೇಳಿದ್ದು ಬೇರೇನೂ ಅಲ್ಲ. "ಶಿತೌ ಬರ್ತಾನಾ?" ಅಷ್ಟೇ. ಬರ್ತಾನೆ ಎಂದು ಅವಳು ಮಾತು ಕೊಟ್ಟಿದ್ದಳು.

"ಅಜ್ಜ, ಸ್ವಲ್ಪ ತಡೀರಿ," ಎಂದಳು. "ನನ್ನ ಮಗನ ಹತ್ರ ನಾನು ಮಾತಾಡ್ತೀನಿ."

"ಮಾತಾಡು ತಾಯಿ. ಆದ್ರೆ ಹೆಣ ಮಾತು ಕೇಳ್ತಾ ಕೂರಲ್ಲ. ಬಿಸಿಲು ನೋಡು."

ಮಗನನ್ನು ಗುಡಾಣಗಳ ಹಿಂದಕ್ಕೆ ಕರೆದುಕೊಂಡು ಹೋದಳು. ತಾನ್‌ಯುನ್ ಹಿಂಬಾಲಿಸಲಿಲ್ಲ, ಆದರೆ ಕಣ್ಣು ತೆಗೆಯಲೂ ಇಲ್ಲ.

"ಊಟ ಮಾಡಿದ್ಯಾ?"

"ಅಮ್ಮ, ಇದೇನಾ ಕೇಳೋ ಹೊತ್ತು?"

"ನಂಗೆ ಬೇರೆ ಏನು ಕೇಳೋಕೆ ಬರುತ್ತೆ? ಮುಖ ನೋಡಿದ್ರೆ ವಿಹಾರದಲ್ಲಿ ಸೊಪ್ಪಿಗೂ ಬರ ಅನ್ಸುತ್ತೆ."

ಅವನು ನಗಲು ಹೋಗಿ ನಿಲ್ಲಿಸಿದ. ಕಣ್ಣುಗಳು ಕೆಂಪಗಿದ್ದವು. ದಾರಿಯಲ್ಲಿ ಅತ್ತಿದ್ದಾನೆ, ತಾನ್‌ಯುನ್ ಮುಂದೆ ನಡೆಯುವಾಗ ಹಿಂದೆ ಉಳಿದು ಅತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

"ನೀನು ಬಾಗು ಅಂದ್ರೆ ಬಾಗ್ತೀನಿ," ಎಂದ ಮೆಲ್ಲಗೆ. "ಚೀವರ ಬಿಚ್ಚಿಟ್ಟು ಬಾಗ್ತೀನಿ. ಇಲ್ಲೇ ಇರ್ತೀನಿ. ನವಣೆ ಬೇಯಿಸ್ತೀನಿ."

ಈ ಮಾತು ಬರಲಿ ಎಂದು ವರ್ಷಗಟ್ಟಲೆ ಆಸೆಪಟ್ಟಿದ್ದಳು. ಈಗ ಬಂದಾಗ ಬೇಡವೆನಿಸಿತು. ವಿಹಾರಕ್ಕೆ ಹೋಗುವ ಮುಂಚೆ ಅವನು ಹೇಗಿದ್ದ ಎಂದು ಅವಳು ಮರೆತಿರಲಿಲ್ಲ. ತನ್ನ ನಂತರ ಹುಟ್ಟಿದ ತಮ್ಮ, ತಂಗಿಯರ ಹೆಣ ಕಂಡ ಹುಡುಗ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ, ಅನ್ನ ಸೇರುತ್ತಿರಲಿಲ್ಲ. ಅಲ್ಲಿಗೆ ಹೋದ ಮೇಲೆ ನಿದ್ದೆ ಮಾಡಲು ಕಲಿತ. ನಿದ್ದೆ ಬರುವ ಜಾಗದಿಂದ ಮಗನನ್ನು ಎಬ್ಬಿಸಿ ತಂದು ಗುಡಾಣ ಕಾಯಲು ಕೂರಿಸುವುದೇ?

"ಸುಮ್ನಿರು," ಎಂದಳು. "ನೀನು ಬೇಯಿಸಿದ ನವಣೆ ತಳ ಹಿಡಿಯುತ್ತೆ. ನಂಗೆ ಯೋಚ್ನೆ ಮಾಡೋಕೆ ಬಿಡು."

ಯೋಚನೆ ಮಾಡುತ್ತ ಅವಳ ಕೈ ತಾನಾಗಿಯೇ ಒಂದು ಗುಡಾಣದ ಕಂಠಕ್ಕೆ ಹೋಗಿ ಅದು ಸಮನಾಗಿ ಕೂತಿದೆಯೇ ಎಂದು ನೋಡಿತು. ಮೇಲಿನೂರಿನ ಗಿರಾಕಿಗಳಿಗೆ ತುಂಬಿದ ಗುಡಾಣ ಸಾಗಿಸುವಾಗ ಆಳುಗಳು ಹತ್ತುತ್ತಿದ್ದ ರೀತಿ ನೆನಪಾಯಿತು. ಕತ್ತೆ ಓಣಿಯ ಏರು. ಹಳದಿ ಮಣ್ಣಿನ ದಿಬ್ಬವನ್ನು ಮಳೆಯೂ ಗಾಡಿಗಳೂ ನೂರಾರು ವರ್ಷ ಕೊರೆದು ಮಾಡಿದ ಇಕ್ಕಟ್ಟು ದಾರಿ ಅದು. ಹಿಂದಿನವರು ಅಡ್ಡೆಯನ್ನು, ಅಂದರೆ ಹೊರೆ ಕಟ್ಟಿದ ಹೆಗಲ ಮೇಲಿನ ಕೋಲನ್ನು, ತಲೆಯ ಮೇಲಕ್ಕೆ ಎತ್ತುತ್ತಿದ್ದರು. ಮುಂದಿನವರು ಹೊರೆಯ ಕಡೆ ತಿರುಗಿ, ಅಡ್ಡೆಯನ್ನು ಕೈಯಲ್ಲಿ ಹಿಡಿದು, ಹಿಂದುಹಿಂದಕ್ಕೆ, ಮಂಡಿಯ ಮೇಲೆ ಹತ್ತುತ್ತಿದ್ದರು. ಇಲ್ಲದಿದ್ದರೆ ಗುಡಾಣ ವಾಲಿ ರಸ ಚೆಲ್ಲುತ್ತಿತ್ತು.

ಶವಪೆಟ್ಟಿಗೆಯೂ ವಾಲಬಾರದು. ಕಾಲು ಮುಂದಾಗಿ ಒಯ್ಯುವಾಗ ಒಳಗಿರುವವನ ತಲೆ ಕಾಲಿಗಿಂತ ಕೆಳಗೆ ಹೋದರೆ ಮನೆತನಕ್ಕೆ ಕೇಡು ಎಂದು ಊರಿಗೆಲ್ಲ ಭಯ.

ಅವಳು ಗುಡಾಣದಿಂದ ಕೈ ತೆಗೆದಳು.

"ಶಿತೌ, ಹೊರೋದಕ್ಕೆ ನಿಮ್ಮವರ ಅಡ್ಡಿ ಇದ್ಯಾ?"

"ಏನನ್ನ?"

"ಅಪ್ಪನ್ನ."

ಅವನು ಅವಳನ್ನೇ ನೋಡಿದ. "ಬುದ್ಧ ತನ್ನ ತಂದೆಯ ಶವಕ್ಕೆ ತಾನೇ ಹೆಗಲು ಕೊಟ್ಟ ಅಂತ ಒಂದು ಸೂತ್ರದಲ್ಲಿದೆ."

"ಇದನ್ನ ಬೆಳಗ್ಗೆನೇ ಬೊಗಳೋಕೆ ಏನಾಗಿತ್ತು ನಿಂಗೆ?"

"ಹಿರಿ ಮಗ ಹೊರಲ್ಲ ಅಮ್ಮ. ಪತಾಕೆ ಹಿಡಿದು ಮುಂದೆ ನಡೀತಾನೆ. ಹೊರೋದು ದಾಯಾದಿಗಳು, ಆಳುಗಳು."

"ಅದು ನಂಗೊತ್ತು. ನಿಂಗೆ ಕತ್ತೆ ಓಣಿ ಏರು ಗೊತ್ತಲ್ಲ? ಮುಂದಿನವರು ಹೇಗೆ ಹತ್ತಬೇಕು ಅಂತ?"

ಅವನು ಗುಡಾಣವನ್ನು ನೋಡಿದ, ಅಮ್ಮನನ್ನು ನೋಡಿದ. "ಅದು ಹೊರೆ ಹೊರೋ ರೀತಿ," ಎಂದ ಕೊನೆಗೆ.

"ನಾನೂ ಅದನ್ನೇ ಹೇಳ್ತಿರೋದು. ನಾನು ಬೇರೇನಾದ್ರೂ ಅಂದ್ನಾ?"

ಅಂಗಳಕ್ಕೆ ಬಂದು ಎಲ್ಲರೆದುರು ಹೇಳಿದಳು. ಬಾಗುವ ಮಾತು ಸಮಾಧಿಯ ಹತ್ತಿರ ನೋಡೋಣ. ಈಗ ಮಗ ಅಪ್ಪನಿಗೆ ಹೆಗಲು ಕೊಡುತ್ತಾನೆ. ಅಂಗಳ ಗುಜುಗುಜು ಎಂದಿತು. ಏಳನೇ ಅಜ್ಜ ಹುಬ್ಬು ಗಂಟು ಹಾಕಿ ತಾನ್‌ಯುನ್ ಕಡೆ ತಿರುಗಿದ.

"ಏನು ಸ್ವಾಮಿ, ಇದಕ್ಕೆ ನಿಮ್ಮ ಶಾಸ್ತ್ರ ಒಪ್ಪುತ್ತಾ?"

ತಾನ್‌ಯುನ್ ಇಷ್ಟವಿಲ್ಲದೆ ಬಾಯಿ ಬಿಟ್ಟ. "ಭಗವಂತ ತನ್ನ ತಂದೆಯ ಶವ ಹೊತ್ತಿದ್ದು ನಿಜ."

"ಅವನು ಅರಸನ ಮಗ ಅಲ್ವಾ? ಆಳುಗಳಿಗೆ ಬರ ಇತ್ತಾ?"

"ಆಳುಗಳಿದ್ದರು. ದೇವತೆಗಳೂ ನಾವು ಹೊರ್ತೀವಿ ಅಂದರು. ಮುಂದೆ ಬರೋ ಕಾಲದಲ್ಲಿ ಮಕ್ಕಳು ಹೆತ್ತವರ ಋಣ ಮರೀತಾರೆ, ಅವರಿಗೆ ಗೊತ್ತಾಗಲಿ ಅಂತ ತಾನೇ ಹೊತ್ತ."

ಮುದುಕ ಗಡ್ಡ ಸವರಿಕೊಂಡ. "ಅಷ್ಟು ಬುದ್ಧಿ ಇದ್ದವನು ಬಾಗೋದನ್ನೂ ಹೇಳ್ಕೊಟ್ಟಿದ್ರೆ ನಮಗೆ ಈ ಬಿಸಿಲು ತಪ್ತಿತ್ತು." ನಂತರ ಕೋಲನ್ನು ನೆಲಕ್ಕೆ ಕುಟ್ಟಿದ. "ಹೊರಲಿ. ಆದ್ರೆ ಪತಾಕೆ ನಾನು ಹಿಡಿದಿರ್ತೀನಿ. ಗುಂಡಿ ಹತ್ರ ಇವನು ಮಗ ಅಂತ ನನಗೆ ಕಾಣ್ಬೇಕು. ಕಾಣದಿದ್ರೆ ಪತಾಕೆ ಶೌಯಿ ಕೈಗೆ, ಮೊದಲ ಹಿಡಿ ಮಣ್ಣೂ ಶೌಯಿದು. ಆಮೇಲೆ ಯಾರೂ ಅಳೋ ಹಾಗಿಲ್ಲ."

"ಆಗ್ಲಿ ಅಜ್ಜ. ಕತ್ತೆ ಓಣಿ ದಾರೀಲಿ ಹೋಗೋಣ," ಎಂದಳು.

"ಹೊಳೆ ದಾರಿ ಇರುವಾಗ ಆ ಏರು ಯಾಕೆ?"

"ಹೊಳೆ ದಾರಿ ಮೊನ್ನೆ ಮಳೆಗೆ ಕೆಸರಾಗಿದೆ. ಕಾಲು ಹೂತುಕೊಂಡ್ರೆ?" ಕೆಸರೇನೋ ಇತ್ತು. ದಾಟಲಾಗದಷ್ಟು ಇರಲಿಲ್ಲ. ಮುದುಕ ಅವಳ ಮುಖವನ್ನು ಒಂದು ಕ್ಷಣ ಓದಿ, ಪತಾಕೆ ಎತ್ತಿಕೊಂಡ.

ಮುಂದಿನ ಎಡಗಡೆಯ ಹೆಗಲು ಶೌಯಿಯದು ಎಂದು ಮೊದಲೇ ಗೊತ್ತಾಗಿತ್ತು. ಬಲಗಡೆಯವನು ಜಾಗ ಬಿಟ್ಟುಕೊಟ್ಟ. ಶೌಯಿ ತನ್ನ ದಾಯಾದಿಯ ತೆಳ್ಳಗಿನ ತೋಳನ್ನು ನೋಡಿ ಅವಳ ಹತ್ತಿರ ಬಂದ.

"ದೊಡ್ಡಮ್ಮ, ಹೊತ್ತಿಗೊಂದು ಬಟ್ಟಲು ಗಂಜಿ ಕುಡಿಯೋ ಇವನನ್ನ ನನ್ನ ಜೋಡಿ ಮಾಡ್ತಿದ್ದೀಯಲ್ಲ. ಏರಿನಲ್ಲಿ ಪೆಟ್ಟಿಗೆ ನೆಲ ಮುಟ್ಟಿದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತು." ಶವಪೆಟ್ಟಿಗೆ ದಾರಿಯಲ್ಲಿ ಎಲ್ಲಿ ನೆಲ ಮುಟ್ಟುತ್ತದೋ ಅಲ್ಲೇ ಮಣ್ಣು ಮಾಡಬೇಕು. ಹಿರಿಯರ ಸಮಾಧಿಗಳ ಸಾಲಿಗೆ ಒಯ್ಯುವ ಹಾಗಿಲ್ಲ.

"ದೊಡ್ಡಪ್ಪನ್ನ ಕತ್ತೆ ಓಣೀಲಿ ಹೂಳ್ತೀಯಾ? ಮೇಲೆ ಗಾಡಿ ಓಡಾಡ್ಲಿ ಅಂತ?"

"ನೀನಿದ್ದೀಯಲ್ಲ ಶೌಯಿ."

ಅವನು ಅವಳನ್ನು ನೋಡಿ ತನ್ನ ಜಾಗಕ್ಕೆ ಹೋದ. ಶೌಯಿ ಕೆಟ್ಟವನಲ್ಲ, ಅವಸರದವನು. ಕಾಯಿಲೆಯಲ್ಲಿ ಗುವಾನನನ್ನು ಎತ್ತಿ ಕೂರಿಸಿದವನು, ಮೈ ಒರೆಸಿದವನು ಅವನೇ. ಹಾಗೆಂದು ಗುಡಾಣಗಳ ಮೇಲೆ ಅವನಿಗೆ ಕಣ್ಣಿರಲಿಲ್ಲ ಎಂದಲ್ಲ. ಏರಿನ ನಡುವೆ ಕೈ ಸ್ವಲ್ಪ ಸಡಿಲ ಬಿಟ್ಟರೂ ಸಾಕು, ಭಿಕ್ಷುವಿಗೆ ಶಕ್ತಿ ಸಾಲಲಿಲ್ಲ ಎಂದು ಊರೆಲ್ಲ ನಂಬುತ್ತದೆ. ಅದು ತನಗೆ ಹೊಳೆದ ಹಾಗೆಯೇ ಅವನಿಗೂ ಹೊಳೆದಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ತಾನ್‌ಯುನ್ ಹತ್ತಿರ ಹೋಗಿ ಕೈಮುಗಿದಳು. "ಸ್ವಾಮಿ, ನೀವು ಪೆಟ್ಟಿಗೆ ಹಿಂದೆ ಬನ್ನಿ. ತಲೆಯ ಕಡೆ ನಿಂತು ಸೂತ್ರ ಹೇಳಿದ್ರೆ ನಮ್ಮನೆಯವರಿಗೆ ಚೆನ್ನಾಗಿ ಕೇಳ್ಸುತ್ತೆ. ಎಡಗಿವಿ ಮಂದ ಆಗಿತ್ತು."

"ತಲೆಯ ಕಡೆಯೇ ಹೇಳೋದು ಪದ್ಧತಿ," ಎಂದ ತಾನ್‌ಯುನ್.

ಎಂಟು ಜನ ಪೆಟ್ಟಿಗೆ ಎತ್ತಿದರು. ಹೆಂಗಸರು ಗೋಳಿಟ್ಟರು. ಲುವಾನಮ್ಮನಿಗೆ ಅಳಲು ಪುರಸೊತ್ತಿರಲಿಲ್ಲ.

ಊರ ಹೊರಗಿನ ಬಯಲಿನಲ್ಲಿ ಎಲ್ಲ ಸರಾಗವಾಗಿ ಸಾಗಿತು. ಏಳನೇ ಅಜ್ಜ ಬಿಳಿ ಪತಾಕೆ ಹಿಡಿದು ಮುಂದೆ, ಪೆಟ್ಟಿಗೆ, ಹಿಂದೆ ತಾನ್‌ಯುನ್‌ನ ಒಂದೇ ಸಮನಾದ ದನಿ, ಅದರ ಹಿಂದೆ ಸೆಣಬಿನ ಬಟ್ಟೆ ಉಟ್ಟ ನೆಂಟರು. ಓಣಿಯ ಬಾಯಿಗೆ ಬಂದಾಗ ಬೆಂಚು ಹಾಕಿ ಪೆಟ್ಟಿಗೆ ಇಳಿಸಿದರು. ಒಳಗೆ ನಾಲ್ಕೇ ಜನರಿಗೆ ಜಾಗ. ಪಕ್ಕದ ನಾಲ್ವರು ಹೊರಬಂದು ಬೆವರು ಒರೆಸಿಕೊಂಡರು.

ಹೆಂಗಸರು ಹಿಂದೆ ಬರಬೇಕು. ಆದರೆ ಓಣಿಯ ಗೋಡೆಯ ಮೇಲೆ, ಆಡುಗಳು ಓಡಾಡುವ ಒಂದು ಕಾಲುದಾರಿ ಇತ್ತು. ಲುವಾನಮ್ಮ ಮುಳ್ಳುಗಿಡ ಹಿಡಿದು ಮೇಲೆ ಹತ್ತಿದಳು. ಯಾರೋ ಕರೆದರು, ತಿರುಗಲಿಲ್ಲ. ಮೇಲಿನಿಂದ ಬಗ್ಗಿ ನೋಡಿದರೆ ಓಣಿ ಒಂದು ಬಾವಿಯ ಹಾಗೆ ಕಾಣುತ್ತಿತ್ತು. ಮಾತುಗಳೂ ಬಾವಿಯೊಳಗಿಂದ ಬಂದ ಹಾಗೆ ಮೇಲಕ್ಕೆ ಬರುತ್ತಿದ್ದವು.

"ತಿರುಗು," ಶೌಯಿಯ ದನಿ. "ಪೆಟ್ಟಿಗೆ ಕಡೆ ಮುಖ ಮಾಡು. ಅಡ್ಡೆ ಕೈಗೆ ತಗೋ. ಹಿಂದಿನವರೇ, ಮೇಲೆತ್ತಿ."

ಹಿಂದಿನ ಇಬ್ಬರು ಅಡ್ಡೆಯನ್ನು ಹೆಗಲಿನಿಂದ ತಲೆಯ ಮೇಲಕ್ಕೆ ಎತ್ತಿದರು. ಮುಂದಿನ ಇಬ್ಬರು ಪೆಟ್ಟಿಗೆಯ ಕಾಲಿನ ಕಡೆಗೆ ಮುಖ ಮಾಡಿ, ಬೆನ್ನನ್ನು ಏರಿಗೆ ಕೊಟ್ಟು ಕುಕ್ಕರಿಸಿದರು.

"ಮಂಡಿ ಊರು. ಮೊದಲು ಎಡ ಮಂಡಿ ಹಿಂದಕ್ಕೆ, ಆಮೇಲೆ ಬಲ. ಪಾದಕ್ಕೆ ಭಾರ ಬಿಡ್ಬೇಡ, ಜಾರುತ್ತೆ. ಇದು ನಿನ್ನ ಧ್ಯಾನ ಅಲ್ಲ, ಕಣ್ಣು ಬಿಟ್ಟಿರು."

"ಬಿಟ್ಟಿದ್ದೀನಿ."

ಶಿತೌ ಮಂಡಿಯೂರಿದ. ಅಪ್ಪನ ಪಾದಗಳಿದ್ದ ಹಲಗೆಗೂ ಅವನ ಹಣೆಗೂ ನಡುವೆ ಒಂದು ಗೇಣು ಜಾಗ. ಎಡ ಮಂಡಿ ಹಿಂದಕ್ಕೆ. ಬಲ ಮಂಡಿ ಹಿಂದಕ್ಕೆ. ಪ್ರತಿ ಸಲವೂ ಭಾರ ಅವನ ತಲೆಯನ್ನು ಮುಂದಕ್ಕೆ ಎಳೆಯುತ್ತಿತ್ತು. ಮೇಲೆ ನಿಂತ ತಾಯಿಗೆ ಅವನ ಬೋಳುತಲೆ ತಗ್ಗುವುದು, ಏಳುವುದು, ಮತ್ತೆ ತಗ್ಗುವುದು ಕಾಣುತ್ತಿತ್ತು. ಪಕ್ಕದಲ್ಲಿ ಶೌಯಿಯ ತಲೆಯೂ ಹಾಗೆಯೇ.

ಏರಿನ ತುದಿಯಲ್ಲಿ ಏಳನೇ ಅಜ್ಜ ಪತಾಕೆ ಹಿಡಿದು ತಿರುಗಿ ನಿಂತಿದ್ದ. ಅವನಿಗೆ ಕಾಣುತ್ತಿದ್ದದ್ದು ಎರಡು ಬೆನ್ನು, ಮಣ್ಣಿಗೆ ಊರಿದ ಮಂಡಿ, ಮೇಲಕ್ಕೆ ತಿರುಗಿದ ಅಂಗಾಲು. ಓಣಿಯ ಬುಡದಲ್ಲಿ ತಾನ್‌ಯುನ್‌ನ ಮುಂದೆ ಶವಪೆಟ್ಟಿಗೆ ಗೋಡೆಯ ಹಾಗೆ ಅಡ್ಡ ನಿಂತಿತ್ತು. ಅದರಾಚೆ ಅವನಿಗೆ ಏನೂ ಕಾಣುವ ಹಾಗಿರಲಿಲ್ಲ. ಅವನು ಸೂತ್ರ ಹೇಳುತ್ತಲೇ ಇದ್ದ.

ನಡು ಏರಿನಲ್ಲಿ ದಾರಿ ಇನ್ನೂ ಕಡಿದಾಗುತ್ತದೆ. ಅಲ್ಲಿ ಗಾಡಿಯ ಚಕ್ರಗಳು ಕೊರೆದ ಒಂದು ಆಳದ ಜಾಡು. ಶಿತೌನ ಮಂಡಿ ಅದರ ಅಂಚಿಗೆ ಬಿತ್ತು. ಮಣ್ಣು ಪುಡಿಯಾಗಿ ಕುಸಿಯಿತು. ಬಲಗಡೆಯ ಅಡ್ಡೆ ಕೆಳಗಿಳಿಯಿತು. ಪೆಟ್ಟಿಗೆಯ ಮೂಲೆ ನೆಲದ ಕಡೆ ಬಾಗಿತು.

ಲುವಾನಮ್ಮ ಬಾಯಿಗೆ ಸೆಣಬಿನ ಸೆರಗು ತುರುಕಿಕೊಂಡಳು. ತನ್ನ ಉಪಾಯ ಎಷ್ಟು ಒಣ ಉಪಾಯವಾಗಿತ್ತು ಎಂದು ಆಗ ಅವಳಿಗೆ ಹೊಳೆಯಿತು. ಯಾರು ಏನು ನೋಡುತ್ತಾರೆ, ಏನು ನೋಡುವುದಿಲ್ಲ ಎಂದೆಲ್ಲ ಲೆಕ್ಕ ಹಾಕಿದ್ದಳು. ಮಗನ ಕೈಯಲ್ಲಿ ಎಷ್ಟು ಬಲವಿದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಶಿತೌ ಹಣೆಯನ್ನು ಹಲಗೆಗೆ ಕೊಟ್ಟ. ತಲೆಯಿಂದ ತಡೆದ. ಕತ್ತಿನ ನರಗಳು ಹಗ್ಗದ ಹಾಗೆ ಉಬ್ಬಿದವು.

"ಶೌಯಿ," ಎಂದ. ಕರೆದದ್ದು ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಶೌಯಿ ತಲೆಯೆತ್ತಿದ. ಅವನ ಕಣ್ಣು ಮೊದಲು ವಾಲಿದ ಮೂಲೆಗೆ, ಆಮೇಲೆ ಏರಿನ ತುದಿಯ ಪತಾಕೆಗೆ, ಆಮೇಲೆ ಗೋಡೆಯ ಮೇಲಿದ್ದ ಅವಳಿಗೆ ಬಂತು. ಎಷ್ಟು ಹೊತ್ತು ಹಾಗೆ ನೋಡಿದನೋ, ಅವಳಿಗಂತೂ ಒಂದು ಗುಡಾಣ ಹದಕ್ಕೆ ಬರುವಷ್ಟು ಹೊತ್ತೆನಿಸಿತು. ಅವನು ಏನು ತೂಗಿ ನೋಡುತ್ತಿದ್ದಾನೆ ಎಂದು ಅವಳಿಗೆ ತಿಳಿದಿತ್ತು. ತಾನು ಏನಾದರೂ ಕೂಗಿ ಹೇಳಬಹುದಿತ್ತು, ಬೇಡಿಕೊಳ್ಳಬಹುದಿತ್ತು. ಹೇಳಲಿಲ್ಲ.

ಶೌಯಿ ತನ್ನ ಅಡ್ಡೆಯನ್ನು ಬಲ ಮೊಣಕೈ ಸಂದಿಗೆ ಸಿಕ್ಕಿಸಿಕೊಂಡು, ಎಡಗೈಯನ್ನು ಪೆಟ್ಟಿಗೆಯ ಅಡಿಗೆ ಚಾಚಿ ಎದೆಯನ್ನೇ ನೆಲಕ್ಕೆ ತಂದ. "ಹಿಂದಿನವರೇ, ಅಲುಗಬೇಡಿ," ಎಂದು ಗುಡುಗಿದ. ನಂತರ ಹಲ್ಲು ಕಚ್ಚಿಕೊಂಡು, "ಮಂಡಿ ತೆಗಿ. ಜಾಡಿನಿಂದ ಈಚೆ ಇಡು. ನಾನು ಹಿಡಿದಿದ್ದೀನಿ. ನಿಧಾನ. ನಿಮ್ಮಪ್ಪನಿಗೆ ಅವಸರ ಇಲ್ಲ."

ಮಂಡಿ ಬಂತು. ಮೂಲೆ ಎದ್ದಿತು. ಪೆಟ್ಟಿಗೆ ಸಮನಾಯಿತು.

ಅಲ್ಲಿಂದ ತುದಿಯವರೆಗೆ ಮಂಡಿಯ ಹಿಂದೆ ಮಂಡಿ ಇಡುತ್ತ ಹತ್ತಿದರು. ಸೂತ್ರದ ದನಿ ಮಾತ್ರ ಬುಡದಿಂದ ಬರುತ್ತಿತ್ತು.

ಸಮಾಧಿಯ ಗುಂಡಿ ದಿಬ್ಬದ ಮೇಲೆ, ಗುವಾನನ ತಂದೆತಾಯಿಯ ಮಗ್ಗುಲಲ್ಲಿ ತೋಡಿತ್ತು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದರು. ಶಿತೌ ನಿಂತಿದ್ದ. ಮಂಡಿಯ ಹತ್ತಿರ ಚೀವರ ಹರಿದು, ಬಟ್ಟೆ ಗಾಯಕ್ಕೆ ಅಂಟಿತ್ತು. ಹಣೆಯ ಮೇಲೆ ಹಲಗೆಯ ಅಂಚಿನ ಗೆರೆ ಕೆಂಪಗೆ ಮೂಡಿತ್ತು. ಶೌಯಿ ಪಕ್ಕದಲ್ಲೇ ನಿಂತು ತೊಡೆ ಉಜ್ಜಿಕೊಳ್ಳುತ್ತಿದ್ದ.

ಏಳನೇ ಅಜ್ಜ ಪತಾಕೆ ಹಿಡಿದು ಇಬ್ಬರ ನಡುವೆ ಬಂದು ನಿಂತ. ತಾನ್‌ಯುನ್ ಸೂತ್ರ ನಿಲ್ಲಿಸಿ ಒಂದು ಹೆಜ್ಜೆ ಮುಂದೆ ಬಂದ.

"ಇನ್ನು ಬಾಗೋ ಮಾತು," ಎಂದು ನೆಂಟರಲ್ಲಿ ಒಬ್ಬ ನೆನಪಿಸಿದ.

ಮುದುಕ ತಿರುಗಿ ಅವನನ್ನು ನೋಡಿದ. "ನಿನ್ನ ಕಣ್ಣು ಎಲ್ಲಿತ್ತು? ಎಪ್ಪತ್ತು ದಾಟಿದ ನನಗೇ ಕಾಣ್ತು. ನನ್ನ ಮಕ್ಕಳು ಅವರ ಜೀವಮಾನದಲ್ಲಿ ನಂಗೆ ಬಾಗಿದ್ದೆಲ್ಲ ಕೂಡಿಸಿದ್ರೂ ಇವನು ಇವತ್ತು ಒಂದು ಏರಿನಲ್ಲಿ ಬಾಗಿದಷ್ಟು ಆಗಲ್ಲ."

ತಾನ್‌ಯುನ್‌ನ ಮುಖ ಬಿಗಿಯಿತು. ಅವನು ಶಿತೌನ ಮಂಡಿಗಳನ್ನು ನೋಡಿದ, ಹಣೆಯ ಗೆರೆಯನ್ನು ನೋಡಿದ. ಕೊನೆಗೆ ಲುವಾನಮ್ಮನನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ತಗ್ಗಿಸಿದರೆ ತಪ್ಪೊಪ್ಪಿಕೊಂಡ ಹಾಗಾಗುತ್ತಿತ್ತು.

"ನೀವೇನು ನೋಡಿದಿರಿ ಸ್ವಾಮಿ?" ಮುದುಕ ಕೇಳಿದ. ದನಿಯಲ್ಲಿ ಚುಚ್ಚು ಇರಲಿಲ್ಲ. "ನನ್ನ ಮೊಮ್ಮಗನೂ ನಿಮ್ಮ ವಿಹಾರದ ಬಾಗಿಲಲ್ಲೇ ಸುಳಿದಾಡ್ತಿದ್ದಾನೆ. ನಂಗೆ ಗೊತ್ತಿರಬೇಕಲ್ಲ, ನಾಳೆ ನನ್ನನ್ನ ಯಾರು ಹತ್ತಿಸ್ತಾರೆ ಅಂತ."

ತಾನ್‌ಯುನ್ ಗುಂಡಿಯೊಳಗಿನ ಪೆಟ್ಟಿಗೆಯ ಕಡೆ ನೋಡಿದ. ಈ ಒಣಮುಖದವನಿಗೂ ಎಲ್ಲೋ ಒಂದೂರಿನಲ್ಲಿ ಮಣ್ಣಿಗೆ ಹೋದ ಅಪ್ಪ ಇದ್ದಿರಬೇಕು, ಆಗ ಯಾರೂ ಇವನಿಗೆ ಅಡ್ಡೆ ಕೊಟ್ಟಿರಲಿಕ್ಕಿಲ್ಲ ಎಂದು ಅವಳಿಗೆ ಅನಿಸಿತು.

"ನಾನು ಹಿಂದೆ ಇದ್ದೆ," ಎಂದ ಕೊನೆಗೆ. "ಪೆಟ್ಟಿಗೆ ವಾಲಲಿಲ್ಲ. ನಮ್ಮವನು ತಂದೆಯನ್ನ ಹೊತ್ತ. ಕೇಳಿದವರಿಗೆ ಅಷ್ಟೇ ಹೇಳ್ತೀನಿ."

"ಅಷ್ಟು ಸಾಕು," ಎಂದು ಏಳನೇ ಅಜ್ಜ ಪತಾಕೆಯನ್ನು ಶಿತೌನ ಕೈಗೆ ಕೊಟ್ಟ.

ಮಗ ಒಂದು ಹಿಡಿ ಹಳದಿ ಮಣ್ಣು ಎತ್ತಿ ಗುಂಡಿಗೆ ಹಾಕಿದ. ಮರದ ಮೇಲೆ ಮಣ್ಣು ಬಿದ್ದ ಸದ್ದು ಕೇಳಿದ ಮೇಲೆ ಲುವಾನಮ್ಮನಿಗೆ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಹೆಂಗಸರು ಬಂದು ಅವಳ ತೋಳು ಹಿಡಿದುಕೊಂಡರು.

ಭಿಕ್ಷುಗಳು ದಿಬ್ಬದಿಂದಲೇ ಬೆಟ್ಟದ ದಾರಿ ಹಿಡಿದರು. ಶಿತೌ ಕುಂಟುತ್ತಿದ್ದ. ತಾನ್‌ಯುನ್ ಎಂದಿನ ಹಾಗೆ ಮುಂದೆ ಬಿರುಸಾಗಿ ನಡೆಯದೆ, ಅವನ ಹೆಜ್ಜೆಗೆ ತನ್ನ ಹೆಜ್ಜೆ ನಿಧಾನ ಮಾಡಿಕೊಂಡಿದ್ದನ್ನು ಅವಳು ಕಣ್ಣಿಗೆ ಕಾಣುವವರೆಗೂ ನೋಡಿದಳು.

ನೆಂಟರು ಊಟಕ್ಕೆ ಊರ ಕಡೆ ಇಳಿದರು. ಶೌಯಿ ಒಬ್ಬನೇ ಹಿಂದೆ ಉಳಿದು, ಗುಂಡಿ ಮುಚ್ಚಿದ ಗುದ್ದಲಿಯ ಮಣ್ಣನ್ನು ಕಲ್ಲಿಗೆ ಉಜ್ಜುತ್ತಿದ್ದ. ಉಜ್ಜಿದ್ದನ್ನೇ ಉಜ್ಜುತ್ತಿದ್ದ. ಅವಳು ಹತ್ತಿರ ಹೋಗಿ ನಿಂತಳು.

"ದೊಡ್ಡಮ್ಮ," ಅವನು ತಲೆಯೆತ್ತದೆ ಹೇಳಿದ. "ನಾನೂ ಮಂಡಿ ಮೇಲೇ ಹತ್ತಿದೆ."

ಅವಳು ಅವನ ಮಂಡಿ ನೋಡಿದಳು. ಮಗನ ಮಂಡಿಯಷ್ಟೇ ಹರಿದಿತ್ತು. ಎಡಗೈಯ ಬೆರಳ ಗಂಟುಗಳು ಪೆಟ್ಟಿಗೆಯ ಅಡಿಯಲ್ಲಿ ಸಿಕ್ಕಿ ಸುಲಿದಿದ್ದವು. ಏರಿನ ತುದಿಯಿಂದ ಏಳನೇ ಅಜ್ಜನಿಗೆ ಎರಡು ಬೆನ್ನು ಕಂಡಿದ್ದವು. ಮಾತಾಡುವಾಗ ಒಂದನ್ನೇ ಹೇಳಿದ. ಅವಳೂ ಇಡೀ ದಿನ ಒಂದನ್ನೇ ನೋಡಿದ್ದಳು.

"ಮೇಲಿಂದ ನಂಗೆ ಕಾಣ್ತಿತ್ತು ಶೌಯಿ," ಎಂದಳು. "ನೀನು ಕೈ ಬಿಡಬಹುದಿತ್ತು."

"ಬಿಡೋಣ ಅಂತಲೂ ಅನ್ಸಿತ್ತು."

"ಅದೂ ಕಾಣ್ತು."

ಅವನು ಗುದ್ದಲಿ ಕೆಳಗಿಟ್ಟ. "ನಿಂಗೆ ಕೋಪ ಇಲ್ವಾ?"

"ಅನ್ನಿಸಿದ್ದಕ್ಕೆಲ್ಲ ಕೋಪ ಮಾಡ್ಕೊಂಡ್ರೆ ನಾನು ಮೊದಲು ನನ್ನ ಮೇಲೇ ಮಾಡ್ಕೋಬೇಕು. ನಿನ್ನ ಕೈಯಲ್ಲಿ ಅಷ್ಟು ಭಾರ ಇಟ್ಟು ಮೇಲೆ ನಿಂತು ನೋಡ್ತಿದ್ದವಳು ನಾನು." ಸೆರಗಿನ ಅಂಚನ್ನು ಹರಿದು ಅವನ ಬೆರಳುಗಳಿಗೆ ಸುತ್ತಿದಳು. ಅವನು ಮುಖ ಕಿವುಚಿದ. "ನಾಳೆಯಿಂದ ಬಾ. ಬಿಸಿಲಿಗಿಟ್ಟ ಗುಡಾಣ ತಿರುಗಿಸ್ಬೇಕು, ಒಬ್ಬಳ ಕೈಲಿ ಆಗಲ್ಲ. ಕೂಲಿಗೆ ಕರೀತಿಲ್ಲ. ಪಾಲಿಗೆ ಕರೀತಿದ್ದೀನಿ."

ಶೌಯಿ ಅವಳನ್ನು ನೋಡಿದ. ಇದರಲ್ಲಿ ಏನೋ ಉಪಾಯ ಇರಬೇಕು ಎಂದು ಹುಡುಕುವವನ ಹಾಗೆ ನೋಡಿದ.

"ಈ ವರ್ಷದ ರಸ ಈಗಲೇ ಮಾರಿಬಿಡೋಣ ಅಂತೀನಿ ನಾನು," ಎಂದ, ಪರೀಕ್ಷೆ ಮಾಡುವವನಂತೆ.

"ಅಂತೀಯ. ನಾನು ಬೇಡ ಅಂತೀನಿ. ಚಳಿಗಾಲ ಕಳೀಲಿ. ದಿನಾ ಜಗಳ ಆಡೋಣ. ನಿಮ್ಮ ದೊಡ್ಡಪ್ಪನ ಜೊತೆ ಆಡ್ತಿದ್ದೆ, ಈಗ ಯಾರಾದ್ರೂ ಬೇಕಲ್ಲ."

ಅವನು ಗುದ್ದಲಿಯನ್ನು ಹೆಗಲಿಗೇರಿಸಿದ. ಇಬ್ಬರೂ ಇಳಿಯತೊಡಗಿದರು. ಓಣಿಯ ಮೇಲ್ತುದಿಗೆ ಬಂದಾಗ ಅವನು ನಿಂತು, ಕೆಳಗಿನ ಕಡಿದಾದ ದಾರಿ ನೋಡಿ, ತನ್ನ ಮಂಡಿ ಮುಟ್ಟಿಕೊಂಡು, "ಹೊಳೆ ದಾರೀಲಿ ಹೋಗೋಣ ದೊಡ್ಡಮ್ಮ," ಎಂದ. "ಕೆಸರೇನೂ ಅಷ್ಟಿಲ್ಲ."

"ಗೊತ್ತು ನಡಿ," ಎಂದಳು ಲುವಾನಮ್ಮ.